ಮಿನುಗುತಾರೆ ಕಲ್ಪನಾ: ದೊಡ್ಡ ನಟಿಯಾ, ಓವರ್ ಆಕ್ಟಿಂಗಾ?

ಕುವೆಂಪುನಗರದ ಹುಡುಗಿ
ಬೈಯೋದಕ್ಕೆ ಮೊದಲು ಪೂರ್ತಿ ಓದಿ, ಪ್ಲೀಸ್.

ಇತ್ತೀಚೆಗೆ ಕಲ್ಪನಾ ಅವರ ಚಿತ್ರಗಳನ್ನು ಒಂದಾದ ಮೇಲೊಂದು ನೋಡಿದೆ. ಬೆಳ್ಳಿಮೋಡ (1967) ತುಂಬಾ ಇಷ್ಟವಾಯಿತು. ಗೆಜ್ಜೆಪೂಜೆ (1969) ನೋಡಿ ಅತ್ತುಬಿಟ್ಟೆ. ಶರಪಂಜರಕ್ಕೆ (1971) ಬಂದಾಗ ಮಾತ್ರ ತಡವರಿಸಿದೆ. ಬಾಣಂತನದಲ್ಲಿ ಮನಸ್ಸು ಕೆಡುವ ಕಾವೇರಿ ಅನ್ನುವ ಹೆಂಗಸಿನ ಕಥೆ ಅದು. ಮೊದಲರ್ಧ ಚೆನ್ನಾಗಿದೆ. ಆಮೇಲೆ ಕಣ್ಣು ಅರಳಿಸುವುದು, ಕತ್ತು ಥಟ್ಟನೆ ತಿರುಗಿಸುವುದು, ಒಂದೇ ವಾಕ್ಯದಲ್ಲಿ ದನಿ ಏರಿ ಇಳಿಯುವುದು, ಎಲ್ಲ ಜಾಸ್ತಿ ಆಯ್ತು ಅನ್ನಿಸಿತು. ಇದನ್ನು ಅಮ್ಮನ ಹತ್ತಿರ ಹೇಳಿದ್ದಕ್ಕೆ ಮುಖ ಊದಿಸಿಕೊಂಡು ಅಡುಗೆಮನೆಗೆ ಹೋದರು.

ಮೂರು ಸಲ ರಾಜ್ಯ ಪ್ರಶಸ್ತಿ ಪಡೆದವರು: ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ಶರಪಂಜರ. ಆದರೂ ಸಿನಿಮಾ ಬಗ್ಗೆ ಗಂಭೀರವಾಗಿ ಮಾತಾಡುವ ಎಷ್ಟೋ ಜನ 'ಓವರ್' ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಅಮ್ಮನ ವಯಸ್ಸಿನವರಿಗೆ ಅವರ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ. ಇಷ್ಟು ಅಂತರ ಯಾಕೆ? ನಿಮಗೇನು ಅನ್ನಿಸುತ್ತೆ?

ಅಗ್ರಹಾರ ಸರ್ಕಲ್
ನಿಮ್ಮ ಅಮ್ಮ ಮಾಡಿದ್ದೇ ಸರಿ.

ಸಕ್ಕರೆನಾಡು
ನಾನು ಹುಡುಗಿ ಪರ. ಎಲ್ಲರೂ ಗೌರವಕ್ಕೆ ಸುಮ್ಮನಿರುತ್ತಾರೆ, ಅಷ್ಟೇ. ಶರಪಂಜರ ಆದಮೇಲೆ ಬಂದ ಎಷ್ಟೋ ಚಿತ್ರಗಳಲ್ಲಿ ಅದೇ ನೋಟ, ಅದೇ ನಿಟ್ಟುಸಿರು, ಅದೇ ದನಿ. ಆಲೆಮನೆಯಲ್ಲಿ ಪಾಕ ಹದಕ್ಕೆ ಬಂದಮೇಲೂ ಉರಿ ಕೊಡುತ್ತಾ ಹೋದರೆ ಏನಾಗುತ್ತೆ? ಬೆಲ್ಲ ಕಹಿ ಆಗುತ್ತೆ. ಹಾಗೇ ಆಯಿತು. ಪ್ರತಿಭೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುವವರು ಹತ್ತಿರ ಇರಲಿಲ್ಲ.

ಪಾಂಡವಪುರದ ಅಕ್ಕ
ಸಕ್ಕರೆನಾಡು ತಮ್ಮಾ, ನೀನು ಆ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿರುತ್ತೀಯ. ನಾವು ಟಾಕೀಸಿನಲ್ಲಿ ನೋಡಿದವರು. ಹೆಂಗಸರ ಕಡೆಯ ಬೆಂಚುಗಳಲ್ಲಿ ಕೂತವರು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಚಿತ್ರ ಮುಗಿದು ದೀಪ ಹಾಕಿದರೂ ಏಳುತ್ತಿರಲಿಲ್ಲ. ನಮ್ಮ ದೊಡ್ಡಮ್ಮ ಬಾಣಂತನದಲ್ಲಿ ಹೀಗೇ ಆಗಿ, ಗಂಡನ ಮನೆಯವರು ತವರಿಗೆ ತಂದು ಬಿಟ್ಟು ಹೋಗಿದ್ದರು. ಊರಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಮೊದಲ ಸಲ ಒಬ್ಬ ಹೆಂಗಸು ಪರದೆ ಮೇಲೆ ನಿಂತು ಅದನ್ನು ಜೋರಾಗಿ ಹೇಳಿದಳು. ಜೋರಾಗಿ ಹೇಳಿದ್ದೇ ತಪ್ಪಾ?

ಮಂಡ್ಯ ಹೈದ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ 🙏

ಒಂಟಿಕೊಪ್ಪಲ್ ಮೇಷ್ಟ್ರು
ಚರ್ಚೆ ಒಳ್ಳೆಯದಿದೆ. ಮೂರು ವಿಷಯ ಸೇರಿಸುತ್ತೇನೆ.

ಬೆಳ್ಳಿಮೋಡ, ಶರಪಂಜರ, ಹಣ್ಣೆಲೆ ಚಿಗುರಿದಾಗ, ಮೂರೂ ತ್ರಿವೇಣಿಯವರ ಕಾದಂಬರಿಗಳು. ಅಂದರೆ ಕಲ್ಪನಾ ಅವರಿಗೆ ರಾಜ್ಯ ಪ್ರಶಸ್ತಿ ತಂದ ಮೂರು ಪಾತ್ರಗಳನ್ನೂ ಬರೆದವರು ಒಬ್ಬರೇ. ತ್ರಿವೇಣಿ ಹುಟ್ಟಿದ್ದು 1928ರಲ್ಲಿ ಮಂಡ್ಯದಲ್ಲಿ, ಬದುಕಿದ್ದು ನಮ್ಮ ಮೈಸೂರಿನ ಚಾಮರಾಜಪುರಂನಲ್ಲಿ. ಓದಿದ್ದು ಮನಃಶಾಸ್ತ್ರ. ಆ ಕಾಲದಲ್ಲಿ ಹೆಂಗಸಿನ ಮನಸ್ಸಿನೊಳಗೆ ಇಳಿದು ಅವರಷ್ಟು ಧೈರ್ಯವಾಗಿ ಬರೆದವರು ಕಡಿಮೆ.

ಎರಡನೆಯದು, ಶರಪಂಜರದ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಕೂಡ ಈ ಕಡೆಯವರೇ, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಕ್ಯಾಮೆರಾವನ್ನು ಮುಖದ ತೀರಾ ಹತ್ತಿರ ತರುವುದು ಅವರ ಪದ್ಧತಿ. ಮುಖ ಪರದೆ ತುಂಬಾ ಇದ್ದಾಗ ಹುಬ್ಬು ಸ್ವಲ್ಪ ಅಲುಗಿದರೂ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ನೀವು ಬೈಯುತ್ತಿರುವ 'ಜಾಸ್ತಿ'ಯಲ್ಲಿ ನಿರ್ದೇಶಕರ ಪಾಲೂ ಇದೆ.

ಮೂರನೆಯದು ಕಾಲದ ಮಾತು. 1970ರಲ್ಲಿ ಸಂಸ್ಕಾರ ಬಂತು, ಸ್ವರ್ಣಕಮಲ ಗೆದ್ದಿತು. ಹೊಸ ಅಲೆ ಶುರುವಾಯಿತು. ಅಲ್ಲಿನ ನಟರು ಮೆಲ್ಲಗೆ ಮಾತಾಡುತ್ತಿದ್ದರು, ಮುಖದಲ್ಲಿ ಜಾಸ್ತಿ ಏನೂ ತೋರಿಸುತ್ತಿರಲಿಲ್ಲ. ಅದನ್ನು ಮೆಚ್ಚಿದ ವಿಮರ್ಶಕರ ಅಳತೆಕೋಲೇ ಬದಲಾಯಿತು. ಅದರ ಮರುವರ್ಷವೇ ಶರಪಂಜರ ಬಂತು. ಜನ ಟಾಕೀಸು ತುಂಬಿಸಿದರು, ಒಂದಷ್ಟು ವಿಮರ್ಶಕರು ಮೂಗು ಮುರಿದರು. ನಿಮ್ಮ ಪ್ರಶ್ನೆಯ ಬೇರು ಅಲ್ಲಿದೆ ಅಂತ ನನ್ನ ಅಭಿಪ್ರಾಯ.

ಸಕ್ಕರೆನಾಡು
ಮೇಷ್ಟ್ರೇ, ಇದೇ ಮಾತನ್ನು ನನ್ನ ಪರವಾಗಿಯೂ ತಿರುಗಿಸಬಹುದು. ಅದೇ ಪುಟ್ಟಣ್ಣ, ಅದೇ ಹತ್ತಿರದ ಕ್ಯಾಮೆರಾ. ಎಡಕಲ್ಲು ಗುಡ್ಡದ ಮೇಲೆ (1973) ಚಿತ್ರದಲ್ಲಿ ಜಯಂತಿ ಎಷ್ಟು ಹಿಡಿತದಲ್ಲಿ ಇದ್ದಾರೆ ನೋಡಿ. ಆರತಿಯನ್ನೂ ನೋಡಿ. ಹಾಗಾದರೆ ಕ್ಯಾಮೆರಾ ಮೇಲೆ ತಪ್ಪು ಹೊರಿಸುವುದು ಹೇಗೆ?

ಒಂಟಿಕೊಪ್ಪಲ್ ಮೇಷ್ಟ್ರು
ಎಡಕಲ್ಲು ಗುಡ್ಡದ ಮಾಧವಿ ಒಳಗೇ ಬೇಯುವ ಹೆಂಗಸು. ಶರಪಂಜರದ ಕಾವೇರಿಯದು ಒಡೆದುಹೋದ ಮನಸ್ಸು. ಇಬ್ಬರಿಗೂ ಒಂದೇ ಅಳತೆ ಆಗುತ್ತದಾ?

ದೇವರಾಜ ಮಾರ್ಕೆಟ್
ನನಗೆ ಗೆಜ್ಜೆಪೂಜೆಯೇ ಜಾಸ್ತಿ ಇಷ್ಟ. ಅದೂ ತ್ರಿವೇಣಿಯವರದೇ ಕಥೆ ಅಲ್ವಾ, ಎಷ್ಟು ಚೆನ್ನಾಗಿ ಬರೆದಿದ್ದಾರೆ.

ಅಗ್ರಹಾರ ಸರ್ಕಲ್
ಅಲ್ಲ. ಗೆಜ್ಜೆಪೂಜೆ ಎಂ.ಕೆ. ಇಂದಿರಾ ಅವರದು.

ರಂಗಾಯಣದ ಹಿಂದಿನ ಸಾಲು
ನಾನು ನಾಟಕ ಮಾಡುವವನು, ನನ್ನ ಕಡೆಯಿಂದ ಎರಡು ಮಾತು.

'ಓವರ್ ಆಕ್ಟಿಂಗ್' ಅನ್ನುವುದನ್ನು ನಾವು ತುಂಬಾ ಸಲೀಸಾಗಿ ಬಳಸುತ್ತೇವೆ. ಅಭಿನಯ ದೊಡ್ಡದಾಗಿರುವುದು ಬೇರೆ, ಸುಳ್ಳಾಗಿರುವುದು ಬೇರೆ. ಸಣ್ಣದಾಗಿ ಮಾಡಿಯೂ ಸುಳ್ಳು ಹೇಳುವ ನಟರು ಎಷ್ಟೋ ಜನ ಇದ್ದಾರೆ. ಕಂಪನಿ ನಾಟಕಗಳ ನಟರು ಹಿಂದಿನ ಸಾಲಿನವರೆಗೂ ಭಾವ ಮುಟ್ಟಿಸಬೇಕಿತ್ತು. ದನಿ ಎತ್ತರಿಸುವುದು, ಕೈ ಬೀಸುವುದು, ನಿಂತಲ್ಲೇ ತಿರುಗುವುದು, ಇದೆಲ್ಲ ಅಲ್ಲಿನ ಕಸುಬು. ನಮ್ಮ ಸಿನಿಮಾ ಬೆಳೆದದ್ದೇ ಆ ನೆಲದಿಂದ. ಕಲ್ಪನಾ 1963ರಲ್ಲಿ ಬಿ.ಆರ್. ಪಂತುಲು ಅವರ ಸಾಕು ಮಗಳು ಚಿತ್ರದಿಂದ ಬಂದರು. ಆಗ ಸುತ್ತಮುತ್ತ ಇದ್ದ ದೊಡ್ಡ ನಟರಲ್ಲಿ ಹೆಚ್ಚಿನವರು ರಂಗಭೂಮಿಯವರು. ಅವರ ಎದುರು ನಿಂತು ಕಲಿತವರು ಹೀಗೆ ಅಭಿನಯಿಸಿದ್ದರಲ್ಲಿ ಆಶ್ಚರ್ಯ ಏನಿದೆ?

ಒಂದು ಕೆಲಸ ಮಾಡಿ. ಶರಪಂಜರದ ಎರಡನೇ ಅರ್ಧವನ್ನು ಇನ್ನೊಮ್ಮೆ ನೋಡಿ, ಈ ಸಲ ಕಾವೇರಿಯ ಎದುರಿಗಿರುವವರನ್ನು ಗಮನಿಸಿ. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವಳನ್ನು ಮನೆಯವರು ಯಾರೂ ನೆಟ್ಟಗೆ ನೋಡುವುದಿಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಸೀತೆ ವನವಾಸದಿಂದ ಮರಳಿ ಬರುವ ಹಾಡು ಅಲ್ಲಿ ಯಾಕಿದೆ ಅಂತ ಯೋಚಿಸಿ. ಮರಳಿ ಬಂದವಳನ್ನು ಒಪ್ಪಿಕೊಳ್ಳದ ಮನೆ ಅದು. ಸುತ್ತಲಿನವರು ಕಲ್ಲಿನ ಹಾಗೆ ಇದ್ದಾಗ ಅವಳೊಬ್ಬಳೇ ದೊಡ್ಡದಾಗಿ ಕಾಣುತ್ತಾಳೆ. ಆ ಅಸಮತೋಲವೇ ಚಿತ್ರದ ಜೀವ. ಕಾವೇರಿಯನ್ನು ತಗ್ಗಿದ ದನಿಯಲ್ಲಿ ಮಾಡಿದ್ದರೆ ಚಿತ್ರ ಸತ್ತುಹೋಗುತ್ತಿತ್ತು.

ಕುವೆಂಪುನಗರದ ಹುಡುಗಿ
ಇದು ನನಗೆ ಹೊಳೆದಿರಲಿಲ್ಲ. ಎದುರಿಗಿರುವವರನ್ನು ನೋಡುವುದು ಅನ್ನೋದು ಒಳ್ಳೆಯ ದಾರಿ. ಆದರೂ ಕೇಳುತ್ತೇನೆ: ಪಾತ್ರ ಒಡೆದುಹೋಗುವ ಮೊದಲು, ಸುಖದ ದೃಶ್ಯಗಳಲ್ಲೂ ಅದೇ ಏರಿಳಿತದ ದನಿ ಇದೆಯಲ್ಲಾ?

ರಂಗಾಯಣದ ಹಿಂದಿನ ಸಾಲು
ಅದು ನ್ಯಾಯವಾದ ಪ್ರಶ್ನೆ. ಸುಖದ ದೃಶ್ಯಗಳಲ್ಲಿ ಅವರಿಗಿಂತ ಮಂಜುಳಾ ಸಲೀಸು ಅಂತ ನನಗೂ ಅನ್ನಿಸುತ್ತದೆ.

ಅಗ್ರಹಾರ ಸರ್ಕಲ್
ಮಂಜುಳಾ ಹೆಸರು ಎತ್ತಿದ್ದೀರಿ, ಇನ್ನು ಈ ಚರ್ಚೆ ಬೆಳಗಾನ ಮುಗಿಯಲ್ಲ.

ಆಸ್ಪತ್ರೆ ಡ್ಯೂಟಿ
ನಾನು ಮೈಸೂರಿನಲ್ಲಿ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಸಿನಿಮಾ ವಿಮರ್ಶೆ ನನಗೆ ಬರಲ್ಲ. ಆದರೆ ಕಾವೇರಿಗೆ ಆದಂಥದ್ದು ಹೆರಿಗೆಯ ನಂತರ ಕೆಲವು ತಾಯಂದಿರಿಗೆ ನಿಜಕ್ಕೂ ಆಗುತ್ತದೆ. ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಗುತ್ತದೆ. ನಿದ್ದೆ ಬರಲ್ಲ, ಮಾತು ನಿಲ್ಲಲ್ಲ, ಒಂದು ಗಳಿಗೆ ನಗು, ಮರುಗಳಿಗೆ ಭಯ. ಯಾರೋ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ ಅನ್ನುವ ಅನುಮಾನ. ಆ ತಾಯಂದಿರ ಕಣ್ಣು ಅರಳಿಕೊಂಡೇ ಇರುತ್ತದೆ. ದನಿ ಇದ್ದಕ್ಕಿದ್ದ ಹಾಗೆ ಏರುತ್ತದೆ, ಮುಂದಿನ ಮಾತಿಗೆ ಪಿಸುಗುಟ್ಟುತ್ತಾರೆ.

ನೀವು 'ಜಾಸ್ತಿ' ಅಂತಿರುವುದನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದೇನೆ. ಇದು ಗುಣವಾಗುವ ಕಾಯಿಲೆ. ಬೇಗ ಆಸ್ಪತ್ರೆಗೆ ಕರೆತಂದರೆ ಹೆಚ್ಚಿನವರು ಪೂರ್ತಿ ಸರಿಹೋಗುತ್ತಾರೆ. ಈಗಲೂ ಮೊದಲು ದೆವ್ವ ಬಿಡಿಸುವವರ ಹತ್ತಿರ ಹೋಗಿ, ಆಮೇಲೆ ನಮ್ಮ ಹತ್ತಿರ ಬರುತ್ತಾರೆ. ಗುಣವಾಗಿ ಹೋದಮೇಲೆ ಮಗುವನ್ನು ಅವರ ಕೈಗೆ ಕೊಡಲು ಹೆದರುವ ಮನೆಗಳೂ ಇವೆ. ಅದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ದಯವಿಟ್ಟು ನಿಮ್ಮ ಮನೆಯಲ್ಲಿ ಬಾಣಂತಿಗೆ ಸತತವಾಗಿ ನಿದ್ದೆ ಬರದೆ ಮಾತು ವಿಚಿತ್ರವಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಪಾಂಡವಪುರದ ಅಕ್ಕ
ನಿನ್ನ ಕೈಗೆ ಪುಣ್ಯ ಬರಲಿ ತಾಯಿ. ನಮ್ಮ ದೊಡ್ಡಮ್ಮನ ಕಾಲದಲ್ಲಿ ಹೀಗೆ ಹೇಳುವವರು ಒಬ್ಬರಾದರೂ ಇದ್ದಿದ್ದರೆ.

ಒಂಟಿಕೊಪ್ಪಲ್ ಮೇಷ್ಟ್ರು
ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ. ಆಗ ಅವರಿಗೆ 34. ಕಾವೇರಿ ಪರದೆಗೆ ಬಂದದ್ದನ್ನು ಅವರು ನೋಡಲೇ ಇಲ್ಲ.

ಮಂಡ್ಯ ಹೈದ
😔

ಹೊಲಿಗೆ ಮನೆ
ನಮ್ಮಮ್ಮ ಮೈಸೂರಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ವಾರಪತ್ರಿಕೆಯಲ್ಲಿ ಬಂದ ಕಲ್ಪನಾ ಫೋಟೋ ಕತ್ತರಿಸಿ ತಂದು 'ಇದೇ ಥರ ತೋಳು ಬೇಕು' ಅನ್ನುತ್ತಿದ್ದರಂತೆ ಕಾಲೇಜು ಹುಡುಗಿಯರು. ಉದ್ದ ತೋಳು, ತುದಿಗೆ ನೆರಿಗೆ ಕೊಟ್ಟು ಲೇಸು. ಆ ನೆರಿಗೆ ಸಮವಾಗಿ ಕೂರಿಸಲು ಬಟ್ಟೆ ಜಾಸ್ತಿ ಬೇಕು, ಕೈಯಲ್ಲೇ ಮೊದಲು ಸಣ್ಣಗೆ ಟಾಕಿ ಹಾಕಿಕೊಳ್ಳಬೇಕು. ದಸರಾ ಹತ್ತಿರ ಬಂದರೆ ಅಮ್ಮ ರಾತ್ರಿ ಮಲಗುತ್ತಿರಲಿಲ್ಲ. ದೊಡ್ಡ ತುರುಬು, ದೊಡ್ಡ ಬೊಟ್ಟು, ಕಿವಿಗೆ ದೊಡ್ಡ ಓಲೆ. ಅಭಿನಯದ ವಿಷಯ ನೀವು ಮಾತಾಡಿಕೊಳ್ಳಿ. ಹೆಂಗಸರಿಗೆ 'ನಾನೂ ಹೀಗೆ ಕಾಣಬೇಕು' ಅನ್ನಿಸುವ ಹಾಗೆ ಮಾಡಿದ ಇನ್ನೊಬ್ಬ ಕನ್ನಡ ನಟಿಯ ಹೆಸರು ಹೇಳಿ ನೋಡೋಣ.

ದೇವರಾಜ ಮಾರ್ಕೆಟ್
ಆರತಿ ಬ್ಲೌಸ್, ಆರತಿ ಹೇರ್ ಸ್ಟೈಲ್ ಕೂಡ ಇತ್ತು.

ಹೊಲಿಗೆ ಮನೆ
ಇರಬಹುದು, ಆದರೆ ನಮ್ಮಮ್ಮನ ಅಂಗಡಿಗೆ ಯಾರೂ ಆರತಿ ಫೋಟೋ ತರಲಿಲ್ಲ.

ಬೆಂಗಳೂರಿನಿಂದ ಮೈಸೂರಿಗ
ಸ್ಟೈಲ್ ಬೇರೆ, ನಟನೆ ಬೇರೆ. ವಿಷಯಕ್ಕೆ ಬನ್ನಿ. ರಾಜ್ಯ ಪ್ರಶಸ್ತಿ ಮೂರು ಬಂದಿದೆ ಸರಿ, ರಾಷ್ಟ್ರಮಟ್ಟದ ಅತ್ಯುತ್ತಮ ನಟಿ ಪ್ರಶಸ್ತಿ ಯಾಕೆ ಬರಲಿಲ್ಲ? ಕನ್ನಡ ಚಿತ್ರಗಳಿಗೇ ಆ ಪ್ರಶಸ್ತಿ ಬಂದಿದೆ. ಕಾಡು (1973) ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ಆಮೇಲೆ ಹಸೀನಾ ಚಿತ್ರಕ್ಕೆ ತಾರಾ, ಗುಲಾಬಿ ಟಾಕೀಸ್‌ಗೆ ಉಮಾಶ್ರೀ. ಮೂವರದೂ ಸಹಜ ಅಭಿನಯ. ದೇಶದ ಮಟ್ಟದಲ್ಲಿ ನೋಡುವವರಿಗೆ ಕಲ್ಪನಾ ಅವರದು ಹಿಡಿಸಲಿಲ್ಲ ಅಂತ ಅರ್ಥ ಅಲ್ವಾ?

ಅಗ್ರಹಾರ ಸರ್ಕಲ್
ನೀವು ಹೇಳಿದ ಮೂರೂ ಹೊಸ ಅಲೆಯ ದಾರಿಯ ಚಿತ್ರಗಳು. ಕಾಡು ಕಾರ್ನಾಡರದು, ಇನ್ನೆರಡೂ ಕಾಸರವಳ್ಳಿಯವರದು. ಟಾಕೀಸು ತುಂಬಿಸಿದ ಚಿತ್ರಗಳ ನಾಯಕಿಯರಿಗೆ ಅಲ್ಲಿ ಜಾಗ ಸಿಕ್ಕಿದ್ದೇ ಕಡಿಮೆ. ಇದರಲ್ಲಿ ಕಲ್ಪನಾ ತಪ್ಪೇನಿದೆ?

ಇನ್ನೊಂದು. ಉಮಾಶ್ರೀ ಸಹಜ ಅಂತೀರಿ. ಅವರು ವೃತ್ತಿ ರಂಗಭೂಮಿಯಲ್ಲಿ, ಹಾಸ್ಯ ಪಾತ್ರಗಳಲ್ಲಿ ಎಷ್ಟು ದೊಡ್ಡದಾಗಿ ಅಭಿನಯಿಸಿದ್ದಾರೆ ಅಂತ ನೋಡಿದ್ದೀರಾ? ನಿರ್ದೇಶಕರು ಬೇರೆ ಕೇಳಿದರು, ಬೇರೆ ಕೊಟ್ಟರು. ಕಲ್ಪನಾ ಅವರಿಗೆ ಹಾಗೆ ಕೇಳುವವರು ಸಿಕ್ಕಿದ್ದು ಅಪರೂಪ.

ಸಕ್ಕರೆನಾಡು
ಇದನ್ನೇ ನಾನು ಮೊದಲಿಂದ ಹೇಳುತ್ತಿರೋದು ಗುರು!

ಮಂಡ್ಯ ಹೈದ
ನಟಿಯರ ವಿಷಯ ಬಂತು, ನಮ್ಮ ಮಂಡ್ಯದಿಂದ ಎಂಪಿ ಆದವರ ಬಗ್ಗೆಯೂ ಒಂದು

ಅಗ್ರಹಾರ ಸರ್ಕಲ್
ಬೇಡ. ರಾಜಕೀಯ ಶುರುವಾದರೆ ಕಲ್ಪನಾ ಅವರನ್ನು ಇಲ್ಲೇ ಮರೆತುಬಿಡುತ್ತೀರಿ.

ಚತುರಂಗ ಓದುಗ
ಇಷ್ಟು ಹೊತ್ತಾದರೂ ಯಾರೂ ಉಯ್ಯಾಲೆ (1969) ಹೆಸರು ಎತ್ತಲಿಲ್ಲ, ಬೇಜಾರಾಯಿತು.

ನಮ್ಮ ಮೈಸೂರಿನ ಚದುರಂಗರ ಕಾದಂಬರಿ, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಓದು, ಪುಸ್ತಕ ಅಂತ ಮುಳುಗಿಹೋದ ಪ್ರೊಫೆಸರ್ ಗಂಡ. ಆ ಪಾತ್ರ ನಮ್ಮೂರಿನ ಅಶ್ವತ್ಥ್ ಅವರದು. ಮನೆಗೆ ಬರುವ ಇನ್ನೊಬ್ಬ ವ್ಯಕ್ತಿ ರಾಜ್‌ಕುಮಾರ್. ನಡುವೆ ಹೆಂಡತಿಯಾಗಿ ಕಲ್ಪನಾ. ಇಲ್ಲಿ ಕಿರುಚಾಟ ಇಲ್ಲ, ಕಣ್ಣು ಅರಳಿಸುವುದಿಲ್ಲ. ಮನೆಗೆಲಸ ಮಾಡುತ್ತಾ, ಗಂಡ ತಲೆ ಎತ್ತಿ ನೋಡುತ್ತಾನಾ ಅಂತ ಕಾಯುತ್ತಾ ಇರುವ ಹೆಂಗಸು. ಮನಸ್ಸು ಇನ್ನೊಬ್ಬನ ಕಡೆ ವಾಲುತ್ತಿದೆ ಅಂತ ಅವಳಿಗೇ ಗೊತ್ತಾಗುವುದನ್ನು ಎಷ್ಟು ಕಡಿಮೆಯಲ್ಲಿ ತೋರಿಸಿದ್ದಾರೆ! ಪರಪುರುಷನ ಮೇಲೆ ಮನಸ್ಸಾದ ಗೃಹಿಣಿಯನ್ನು ಆ ಕಾಲದಲ್ಲಿ ಪ್ರೇಕ್ಷಕರು ಕೆಟ್ಟವಳು ಅಂತ ತಳ್ಳಿಬಿಡಬಹುದಿತ್ತು. ಹಾಗಾಗದಂತೆ ತಡೆದದ್ದು ಕಲ್ಪನಾ ಅವರ ಹಿಡಿತ.

ಗಮನಿಸಿ, ಇದು ಗೆಜ್ಜೆಪೂಜೆ ಬಂದ ವರ್ಷವೇ. ಒಂದೇ ವರ್ಷ, ಒಬ್ಬರೇ ನಟಿ, ಎರಡು ಬೇರೆ ಬೇರೆ ಅಳತೆ. 'ಅವರಿಗೆ ಬೇರೆ ಥರ ಬರುತ್ತಿರಲಿಲ್ಲ' ಅನ್ನುವವರು ಉಯ್ಯಾಲೆ ನೋಡಿ ಆಮೇಲೆ ಮಾತಾಡಲಿ. ಶರಪಂಜರದಲ್ಲಿ ಅವರು ದೊಡ್ಡದಾಗಿ ಮಾಡಿದ್ದು ಬೇಕು ಅಂತಲೇ ಮಾಡಿದ್ದು.

ಕುವೆಂಪುನಗರದ ಹುಡುಗಿ
ಉಯ್ಯಾಲೆ ನಾನು ನೋಡಿಲ್ಲ. ಇವತ್ತೇ ಹುಡುಕುತ್ತೇನೆ.

ಬೆಂಗಳೂರಿನಿಂದ ಮೈಸೂರಿಗ
ಒಂದು ಚಿತ್ರ ತೋರಿಸಿ ಇಡೀ ವೃತ್ತಿಯನ್ನು ಸಮರ್ಥಿಸೋಕೆ ಆಗಲ್ಲ.

ಚತುರಂಗ ಓದುಗ
ಒಂದೇ ಅಲ್ಲ. ಎರಡು ಕನಸು (1974) ತಗೊಳ್ಳಿ. ವಾಣಿಯವರ ಕಾದಂಬರಿ, ದೊರೈ-ಭಗವಾನ್ ನಿರ್ದೇಶನ. ಗಂಡನ ಮನಸ್ಸಿನಲ್ಲಿ ಇನ್ನೊಬ್ಬಳು ಇದ್ದಾಳೆ, ಇವಳು ಕಾಯುತ್ತಾಳೆ. ಎದುರಿಗೆ ರಾಜ್‌ಕುಮಾರ್ ಇದ್ದಾರೆ. ಎಷ್ಟೋ ದೃಶ್ಯಗಳಲ್ಲಿ ಕಣ್ಣು ಅವರ ಕಡೆ ಹೋಗದೆ ಇವರ ಕಡೆ ಹೋಗುತ್ತದೆ. ಬಯಲು ದಾರಿ (1976) ಇದೆ, ಹೊಸಬರಾಗಿದ್ದ ಅನಂತ್ ನಾಗ್ ಜೊತೆ. ಬೆಳ್ಳಿಮೋಡದ ಇಂದಿರಾ ಇದ್ದಾಳೆ. ಆಸ್ತಿ ಸಿಗಲ್ಲ ಅಂತ ಗೊತ್ತಾದ ಕೂಡಲೇ ಕೈಬಿಟ್ಟವನು ವಾಪಸ್ ಬಂದು ಮದುವೆ ಕೇಳಿದಾಗ ಅವಳು ಬೇಡ ಅನ್ನುತ್ತಾಳೆ. 1967ರಲ್ಲಿ! ಅವನ ಶುಶ್ರೂಷೆ ಮಾಡಿ, ಗುಣಪಡಿಸಿ, ಆಮೇಲೆ ಬೇಡ ಅನ್ನುತ್ತಾಳೆ. ಅಲ್ಲಿ ಅತ್ತು ಕರೆದಿದ್ದರೆ ಜನ 'ಪಾಪ, ಮದುವೆ ಮಾಡಿಬಿಡಿ' ಅನ್ನುತ್ತಿದ್ದರು. ಅವರು ಹಾಗೆ ಅನ್ನದಂತೆ ಮಾಡಿದ್ದು ಅಭಿನಯ ಅಲ್ಲದೆ ಇನ್ನೇನು?

ಸಕ್ಕರೆನಾಡು
ಬೆಳ್ಳಿಮೋಡದ ಬಗ್ಗೆ ನನ್ನ ತಕರಾರು ಯಾವತ್ತೂ ಇರಲಿಲ್ಲ. ನಾನು ಹೇಳುತ್ತಿರುವುದು ಆಮೇಲಿನ ಚಿತ್ರಗಳ ಬಗ್ಗೆ. ಶರಪಂಜರ ಗೆದ್ದಿತು, ಬಂದವರೆಲ್ಲ ಅದನ್ನೇ ಕೇಳಿದರು. ಮಿಮಿಕ್ರಿಯವರು ಇವತ್ತಿಗೂ ಆ ದನಿಯನ್ನೇ ಹಿಡಿದು ನಗಿಸುತ್ತಾರೆ. ಮೂವತ್ತು ವರ್ಷದ ಒಳಗಿನ ಹುಡುಗರಿಗೆ ಕಲ್ಪನಾ ಅಂದರೆ ಆ ಮಿಮಿಕ್ರಿಯೇ. ಅದು ನನಗೂ ನೋವಿನ ವಿಷಯ.

ರಂಗಾಯಣದ ಹಿಂದಿನ ಸಾಲು
ಇದನ್ನು ಒಪ್ಪುತ್ತೇನೆ. ನಮ್ಮ ನಾಟಕದ ಹುಡುಗಿಯರಿಗೆ ಮಿಮಿಕ್ರಿ ಕಲ್ಪನಾ ಗೊತ್ತು, ಇಂದಿರಾ ಗೊತ್ತಿಲ್ಲ. ಮಿಮಿಕ್ರಿ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ, ಅಷ್ಟು ಎದ್ದುಕಾಣುವ ಛಾಪು ಇದ್ದವರನ್ನೇ ಅನುಕರಿಸಲು ಆಗುವುದು. ಆದರೆ ಮೂಲ ತೋರಿಸದೆ ನಕಲು ಮಾತ್ರ ತೋರಿಸಿದರೆ ಅನ್ಯಾಯ. ಉಯ್ಯಾಲೆಯನ್ನು ದೊಡ್ಡ ಪರದೆಯಲ್ಲಿ ಹಾಕಿಸಬೇಕು.

ದೇವರಾಜ ಮಾರ್ಕೆಟ್
ಅವರ ಕೊನೆಯ ದಿನಗಳ ಬಗ್ಗೆ ಏನೇನೋ ಕಥೆ ಕೇಳಿದ್ದೇನೆ. ಯಾರಿಗಾದರೂ ನಿಜ ಗೊತ್ತಾ?

ಪಾಂಡವಪುರದ ಅಕ್ಕ
ಅದು ಬೇಡಪ್ಪಾ. 1979ರಲ್ಲಿ ಹೋದರು, ಇನ್ನೂ ಮೂವತ್ತಾರು ತುಂಬಿರಲಿಲ್ಲ. ಅವರ ಪಾತ್ರಗಳ ಬಗ್ಗೆ ಮಾತಾಡಿ, ಸಾವಿನ ಬಗ್ಗೆ ಗುಸುಗುಸು ಬೇಡ. ಬದುಕಿದ್ದಾಗಲೂ ಅವರನ್ನು ಬಿಡಲಿಲ್ಲ ಜನ.

ಆಸ್ಪತ್ರೆ ಡ್ಯೂಟಿ
ಅಕ್ಕನ ಮಾತಿಗೆ ನನ್ನದೂ ಒಪ್ಪಿಗೆ.

ಬೆಂಗಳೂರಿನಿಂದ ಮೈಸೂರಿಗ
ಸರಿ, ಕೊನೆಗೂ ನನ್ನ ನಿಲುವು ಬದಲಾಗಿಲ್ಲ. ಬೆಳ್ಳಿಮೋಡ, ಗೆಜ್ಜೆಪೂಜೆ, ಉಯ್ಯಾಲೆ ಒಂದು ಕಡೆ ಇಡೋಣ. ಶರಪಂಜರ ಜನರನ್ನು ಅಳಿಸಿತು, ನಿಜ. ಅಳಿಸಿದ್ದೆಲ್ಲ ದೊಡ್ಡ ಅಭಿನಯ ಆಗಲ್ಲ.

ರಂಗಾಯಣದ ಹಿಂದಿನ ಸಾಲು
ಅಳಿಸಿದ್ದೆಲ್ಲ ಸಣ್ಣದೂ ಆಗಲ್ಲ ಸಾರ್. ಕಾವೇರಿ ಮರಳಿ ಮನೆಗೆ ಬಂದಮೇಲಿನ ಭಾಗವನ್ನು ದನಿ ಪೂರ್ತಿ ಕಡಿಮೆ ಮಾಡಿ, ಬರೀ ಮುಖ ನೋಡಿ. ಆಮೇಲೆ ಹೇಳಿ.

ಕುವೆಂಪುನಗರದ ಹುಡುಗಿ
ಅದನ್ನೂ ಮಾಡುತ್ತೇನೆ. ಮೇಷ್ಟ್ರೇ, ಒಂದು ಸಹಾಯ. ಶರಪಂಜರ ಕಾದಂಬರಿ ಓದಬೇಕು, ಮೈಸೂರಿನಲ್ಲಿ ಎಲ್ಲಿ ಸಿಗುತ್ತೆ?

ಒಂಟಿಕೊಪ್ಪಲ್ ಮೇಷ್ಟ್ರು
ತ್ರಿವೇಣಿಯವರ ಕಾದಂಬರಿಗಳು ಇವತ್ತಿಗೂ ಮರುಮುದ್ರಣ ಆಗುತ್ತಿವೆ. ಯಾವುದೇ ಒಳ್ಳೆಯ ಕನ್ನಡ ಪುಸ್ತಕದಂಗಡಿಯಲ್ಲಿ ಕೇಳಮ್ಮ, ಸಿಗುತ್ತದೆ. ಜೊತೆಗೆ ಬೆಕ್ಕಿನ ಕಣ್ಣು ಕೂಡ ತಗೋ.

ಸಕ್ಕರೆನಾಡು
ಉಯ್ಯಾಲೆ ಹಾಕಿಸುವುದಾದರೆ ಭಾನುವಾರ ಇಡಿ. ಮಂಡ್ಯದಿಂದ ನಾವು ಐದಾರು ಜನ ಬರುತ್ತೇವೆ. ನೋಡಿದಮೇಲೆ ಅಲ್ಲೇ ಜಗಳ ಮುಂದುವರಿಸೋಣ.